ಬೆನ್ನು ನೋವು

ನಮ್ಮನೆಯವರದು ಒಂದೇ ಕುರ್ಚಿಯ ಕಟಿಂಗ್ ಅಂಗಡಿ. ಅಂಗಡಿಯ ಹಿಂದೆ ಒಂದು ಪರದೆ, ಪರದೆಯ ಆಚೆ ನಮ್ಮ ಸಂಸಾರ. ಟವೆಲ್ಲು ಒಗೆದು ಮಡಚುವುದು, ನೆಲದ ಕೂದಲು ಗುಡಿಸುವುದು, ಉಳಿದ ಹೊತ್ತಿನಲ್ಲಿ ಹೊಲಿಗೆ ಯಂತ್ರ ತುಳಿಯುವುದು ನನ್ನ ಪಾಲಿನ ಕೆಲಸ. ಇದ್ದೊಬ್ಬ ಮಗಳು ಮದುವೆಯಾಗಿ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ.

ಕತ್ತಿನ ಹಿಂದಿನ ಕೂದಲು ತೆಗೆಯುವಾಗ ಈ ಕಸುಬಿನವರು ಎಲ್ಲರೂ ಹೇಳುವ ಮಾತೊಂದಿದೆ: "ತಲೆ ಬಗ್ಗಿಸಿ." ಹೇಳುವುದಷ್ಟೇ ಅಲ್ಲ, ಎರಡು ಬೆರಳಿನಿಂದ ಒತ್ತಿ ತಾವೇ ಬಗ್ಗಿಸಿಬಿಡುತ್ತಾರೆ. ನಮ್ಮನೆಯವರ ಬಾಯಲ್ಲಿ ಆ ಮಾತನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ಅವರು ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಕತ್ತು ವಾರೆ ಮಾಡಿ, ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಕತ್ತರಿ ಆಡಿಸುತ್ತಿದ್ದರು. ದಿನವೂ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಪೋಸ್ಟ್ ಮೇಷ್ಟ್ರಿಗೆ ಇದೊಂದು ತಮಾಷೆ.

"ಏನಯ್ಯಾ, ನನ್ನ ಬೆನ್ನ ಹಿಂದೆ ಮಂಡಿಯೂರಿ ಏನು ಬೇಡ್ಕೋತಿದೀಯ? ನನ್ನ ತಲೇಲೇ ನಾಲ್ಕು ಕೂದಲು ನಿಲ್ತಿಲ್ಲ, ನಿನಗೇನು ವರ ಕೊಡ್ಲಿ?"

ನಮ್ಮನೆಯವರು ನಕ್ಕು ಕೆಲಸ ಮುಂದುವರಿಸುತ್ತಿದ್ದರು. ತಮ್ಮ ಕೂದಲನ್ನು ಮಾತ್ರ ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ಎದುರಿಗೊಂದು ಹಿಂದಕ್ಕೊಂದು ಕನ್ನಡಿ ಇಟ್ಟುಕೊಂಡು ತಾವೇ ಕತ್ತರಿಸಿಕೊಳ್ಳುವರು. ಮದುವೆಯಾದ ಹೊಸದರಲ್ಲಿ, ಕತ್ತಿನ ಮೇಲೆ ಉಳಿದ ಎರಡು ಕೂದಲನ್ನು ಒರೆಸಿ ಹಾಕೋಣವೆಂದು ಹಿಂದಿನಿಂದ ಟವೆಲ್ಲು ತಗುಲಿಸಿದೆ. ಮೈಮೇಲೆ ಬಿಸಿನೀರು ಬಿದ್ದವರ ಹಾಗೆ ಹಾರಿ ನಿಂತರು. ಮಲಗುವುದೂ ಗೋಡೆಗೆ ಬೆನ್ನು ಆನಿಸಿಯೇ. ಒಬ್ಬೊಬ್ಬ ಗಂಡಸಿಗೆ ಒಂದೊಂದು ವಿಚಿತ್ರ ಇರುತ್ತದೆ, ಕುಡಿಯುವವನಿಗಿಂತ ಇದೇ ವಾಸಿ ಅಂದುಕೊಂಡು ನಾನು ಸಂಸಾರ ಮಾಡಿದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ಅವರ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ಕಟಿಂಗ್ ಅಂಗಡಿಯಲ್ಲಿ ಕೂತವರು ತಮ್ಮ ಮನೆಯ ಗುಟ್ಟನ್ನೆಲ್ಲ ಬಿಚ್ಚುತ್ತಾರೆ. ಅದು ಬೀದಿಗೆ ಬಂದರೆ ಕಸುಬು ಕೆಡುತ್ತದೆ. ಅದಕ್ಕಾಗಿ ಕೆಲಸ ಕಲಿಯಲು ಬಂದ ಪ್ರತಿ ಹುಡುಗನಿಗೂ ಮೊದಲ ದಿನವೇ ಹೇಳುವರು: "ಅಂಗಡಿ ಮಾತು ಮನೆಗೆ ತರಬಾರದು." ಒಳ್ಳೆಯ ನಿಯಮವೇ. ಆ ಒಳ್ಳೆಯ ನಿಯಮದ ಅಡಿಯಲ್ಲಿ ಏನನ್ನೆಲ್ಲ ಹೂತಿಟ್ಟಿದ್ದರು ಎಂಬುದು ನನಗೆ ಗೊತ್ತಾದದ್ದು ತಲೆ ನರೆತ ಮೇಲೆ.

ಒಂದು ಬೆಳಿಗ್ಗೆ ಅತ್ತೆ ಫೋನ್ ಮಾಡಿದರು. ಅತ್ತೆ ಇರುವುದು ಅವರ ಮಗಳು, ಅಂದರೆ ನನ್ನ ನಾದಿನಿಯ ಮನೆಯಲ್ಲಿ. ನಮ್ಮನೆಯವರ ಕೈಯಲ್ಲಿ ಸೋಪಿನ ನೊರೆ ಇತ್ತು. ಫೋನನ್ನು ಬಾಚಣಿಗೆಗಳ ನಡುವೆ ಇಟ್ಟು ಸ್ಪೀಕರ್ ಹಾಕಿದರು. ಪರದೆಯ ಆಚೆ ನನಗೂ ಕೇಳಿಸುತ್ತಿತ್ತು.

"ಇನ್ನು ಎರಡು ಮೂರು ತಿಂಗಳಿಗೆ ರಜೆ ಬರುತ್ತಲ್ಲಪ್ಪ. ರೇಡಿಯೋನ ನಿನ್ನ ಚಿಕ್ಕಪ್ಪನ ಅಂಗಡೀಲಿ ಬಿಡೋಣ ಅಂತ ಮಾತಾಯ್ತು. ಅವನೇ ಬಾಯಿಬಿಟ್ಟು ಕೇಳಿದ, ಇಲ್ಲ ಅನ್ನೋಕಾಗುತ್ತಾ?"

ರೇಡಿಯೋ ಎಂದರೆ ನಾದಿನಿಯ ಮಗ. ಬೆಳಿಗ್ಗೆ ಎದ್ದು ಶುರುಮಾಡಿದರೆ ಮಲಗುವವರೆಗೂ ಬಾಯಿ ಮುಚ್ಚದ ಹುಡುಗ. ಅದಕ್ಕೇ ಆ ಹೆಸರು. ಚಿಕ್ಕಪ್ಪ ಎಂದರೆ ಮಾವನವರ ತಮ್ಮ. ಮಾವನವರು ಸತ್ತಾಗ ನಮ್ಮನೆಯವರಿಗೆ ಒಂಬತ್ತು ವರ್ಷ, ನಾದಿನಿ ಕೈಕೂಸು. ಆಗ ಸಂಸಾರವನ್ನು ದಡ ಮುಟ್ಟಿಸಿದವನು, ನಮ್ಮನೆಯವರನ್ನು ಬೇರೆ ಊರಿನ ತನ್ನ ಅಂಗಡಿಯಲ್ಲಿ ಇಟ್ಟುಕೊಂಡು ಕಸುಬು ಕಲಿಸಿದವನು ಇದೇ ಚಿಕ್ಕಪ್ಪ. ಆ ಮನೆಯಲ್ಲಿ ಅವನ ಮಾತಿಗೆ ಎದುರಿಲ್ಲ.

"ಈ ಹುಡುಗನಿಗೆ ಬಾಯಿ ಜಾಸ್ತಿ," ಅಂತ ಅತ್ತೆ ಮುಂದುವರಿಸಿದರು. "ಅಲ್ಲಿ ನಾಲ್ಕು ದಿನ ಇದ್ರೆ ದಾರಿಗೆ ಬರ್ತಾನೆ. ನಿನ್ನನ್ನೇ ನೋಡು. ಎಷ್ಟು ವಟವಟ ಅಂತಿದ್ದೆ, ಅಲ್ಲಿಗೆ ಹೋಗಿ ಬಂದ ಮೇಲೆ ಎಷ್ಟು ಜಾಣ ಆದೆ! ಬಾಯಲ್ಲಿ ಬೆರಳಿಟ್ಟರೂ ಕಚ್ಚದ ಮಗು ಆದೆ."

"ಹೂಂ," ಅಂದರು ನಮ್ಮನೆಯವರು. ಅಷ್ಟೇ.

ಅದೇ ದಿನ ಮಧ್ಯಾಹ್ನ ಒಬ್ಬ ಮನುಷ್ಯ ತನ್ನ ಮಗನನ್ನು ಕರೆತಂದ. ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡ ಹಲಗೆ ಇಟ್ಟು, ಅದರ ಮೇಲೆ ಹುಡುಗನನ್ನು ಕೂರಿಸಿದ್ದಾಯಿತು. ಹುಡುಗ ಮಿಸುಕಾಡುತ್ತಿದ್ದ. ಅಪ್ಪನಿಗೆ ತಾಳ್ಮೆ ತಪ್ಪಿ, ಎದ್ದು ಬಂದು, ಹಿಂದಿನಿಂದ ಮಗನ ಕತ್ತು ಹಿಡಿದು ಒತ್ತಿದ. "ಬಗ್ಗಿಸೋ ತಲೆ!" ಹುಡುಗ ಕಲ್ಲಾದ. "ಹಾಂ, ಈಗ ನೋಡಿ, ಹೇಗೆ ಜಾಣ ಆದ," ಅಂದ ಅಪ್ಪ.

ಪರದೆಯ ಆಚೆ ನನಗೆ ಕೇಳಿಸಿದ್ದು ಒಂದು ಕೂಗು. ಅದು ನನ್ನ ಗಂಡನ ದನಿ ಎಂದು ನನಗೆ ತಿಳಿಯಲಿಲ್ಲ, ಮಗುವಿನ ದನಿ ಅಂದುಕೊಂಡೆ. ಹೊರಗೆ ಬಂದು ನೋಡಿದರೆ ಕತ್ತರಿ ಕನ್ನಡಿಗೆ ಬಡಿದು ಕೆಳಗೆ ಬಿದ್ದಿದೆ, ಕನ್ನಡಿ ಸೀಳಿದೆ, ಆ ಮನುಷ್ಯ ಅರ್ಧ ಕತ್ತರಿಸಿದ ತಲೆಯ ಮಗನನ್ನು ಎತ್ತಿಕೊಂಡು ಬೀದಿಗೆ ಹಾರಿದ್ದಾನೆ. ನಮ್ಮನೆಯವರು ಮೂಲೆಯಲ್ಲಿ, ಟವೆಲ್ಲಿನ ಬುಟ್ಟಿಯ ಪಕ್ಕ, ಗೋಡೆಗೆ ಬೆನ್ನು ಒತ್ತಿ ಕೂತು ನಡುಗುತ್ತಿದ್ದಾರೆ. ನಾನು ಮೊದಲು ಮಾಡಿದ ಕೆಲಸ ಅವರ ಬಾಯಿ ಮೂಸಿ ನೋಡಿದ್ದು. ಹೆಂಡದ ವಾಸನೆ ಇರಲಿಲ್ಲ. ಇದ್ದಿದ್ದರೆ ಬೈದು ಮುಗಿಸಬಹುದಿತ್ತು.

ಬೀದಿಯಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಕಟಿಂಗ್‌ನವನಿಗೆ ತಲೆ ಕೆಟ್ಟಿದೆ, ಮಗುವಿನ ಕಿವಿ ಕತ್ತರಿಸಲು ಹೋಗಿದ್ದನಂತೆ. ಅಂಗಡಿಯ ಬಾಗಿಲು ಎಳೆದೆವು. ಅನ್ನ ನಿದ್ದೆ ಎರಡೂ ಬಿಟ್ಟ ಮನುಷ್ಯನನ್ನು ಕೊನೆಗೆ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನಿದ್ದೆಗೆ ಮಾತ್ರೆ ಬರೆದು, "ಇದು ಮಾತ್ರೆಯಿಂದ ಪೂರ್ತಿ ಹೋಗೋದಲ್ಲ. ಎರಡನೇ ಮಹಡೀಲಿ ಮೇಡಂ ಒಬ್ಬರಿದ್ದಾರೆ. ಮಾತಾಡ್ತಾರೆ, ಮಾತಾಡಿಸ್ತಾರೆ. ಬಿಡದೆ ಹೋಗಬೇಕು," ಅಂದರು.

ಎರಡನೇ ಮಹಡಿಯ ಬಲಗಡೆಗೆ ಮೂಳೆ-ಬೆನ್ನು ನೋವಿನವರಿಗೆ ವ್ಯಾಯಾಮ ಮಾಡಿಸುವ ಕೋಣೆ. ಎಡಗಡೆಗೆ "ಮಾನಸಿಕ ಆರೋಗ್ಯ" ಎಂಬ ಬೋರ್ಡು. ಆ ಬೋರ್ಡಿನ ಕೆಳಗೆ ಕೂರಲು ನನಗೆ ಎಷ್ಟು ನಾಚಿಕೆಯಾಯಿತು ಎಂದರೆ, ಮೆಟ್ಟಿಲು ಹತ್ತಿ ಮೊದಲು ಬಲಕ್ಕೆ ತಿರುಗಿ, ಅಲ್ಲಿ ಸ್ವಲ್ಪ ನಿಂತು, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಎಡಕ್ಕೆ ಸರಿಯುತ್ತಿದ್ದೆವು. ಕೇಳಿದವರಿಗೆಲ್ಲ ಒಂದೇ ಉತ್ತರ: ಬೆನ್ನು ನೋವು. ಕುಕ್ಕರಗಾಲಲ್ಲಿ ಕೂತು ಕತ್ತರಿ ಹಿಡಿಯುವ ಮನುಷ್ಯನಿಗೆ ಬೆನ್ನು ನೋವಲ್ಲದೆ ಇನ್ನೇನು? ಎಲ್ಲರೂ ನಂಬಿದರು. ನಂಬಿದ್ದು ಸಾಲದೆಂದು ಉಪಚಾರಕ್ಕೂ ನಿಂತರು. ಮೂಲೆಮನೆ ಅಜ್ಜಿ ಸೀಸೆಯಲ್ಲಿ ಎಣ್ಣೆ ತಂದಿಟ್ಟು, "ಚೆನ್ನಾಗಿ ತಿಕ್ಕು, ಮೆತ್ತಗೆ ಸವರಬೇಡ, ನೀನೇನು ಹೊಸ ಮದುವಣಗಿತ್ತಿ ಅಲ್ಲ," ಅಂದಳು. ಪೋಸ್ಟ್ ಮೇಷ್ಟ್ರು ತಮ್ಮ ಹಳೆಯ ಸೊಂಟದ ಪಟ್ಟಿಯನ್ನೇ ತಂದುಕೊಟ್ಟರು. ಅಂಗಡಿ ತೆರೆದ ಮೇಲೆ ನಮ್ಮನೆಯವರು ಆ ಪಟ್ಟಿಯನ್ನು ಬಿಗಿದುಕೊಂಡೇ ಕೆಲಸ ಮಾಡಿದರು. ಸುಳ್ಳಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವ ಗಂಡನನ್ನು ನೋಡಿ ನನಗೆ ನಗುವೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು.

ಮೊದಲ ದಿನ ಮೇಡಂ ಕೋಣೆಯಿಂದ ಹೊರಬಂದವರು ಮನೆ ಸೇರಿ ಅಂಗಡಿಯ ಕುರ್ಚಿ ಒರೆಸಿದರು. ಆಮೇಲೆ ಹೇಳಿದರು, "ಯಾವ ಕುರ್ಚಿ ಬೇಕು ಅಂತ ನನ್ನನ್ನೇ ಕೇಳಿದ್ರು ಕಣೇ. ಬಾಗಿಲು ತೆಗೆದಿರಲಾ, ಮುಚ್ಚಲಾ ಅಂತಾನೂ ಕೇಳಿದ್ರು."

"ಅದರಲ್ಲೇನು ವಿಶೇಷ?"

"ನನ್ನನ್ನ ಯಾರೂ ಕೇಳಿರಲಿಲ್ಲ."

ವಾರವಾರ ಹೋದೆವು. ಕಾಲನ್ನು ನೆಲಕ್ಕೆ ಊರಿ ನೆಲ ಇದೆ ಅಂತ ಗಮನಿಸುವುದು, ಉಸಿರನ್ನು ನಿಧಾನ ಬಿಡುವುದು, ಭಯ ಏರಿದಾಗ ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುವುದು, ಇಷ್ಟೇ ಪಾಠ. ಅಂಗಡಿಯಲ್ಲಿ ಒಂದೊಂದು ಸಲ "ಕತ್ತರಿ, ಬಾಚಣಿಗೆ, ಪೌಡರ್ ಡಬ್ಬ" ಅಂತ ಗೊಣಗುವುದು ಕೇಳಿಸುತ್ತಿತ್ತು. ನನ್ನ ತಾಳ್ಮೆ ಮೊದಲೇ ಗಿಡ್ಡ. ಒಂದು ದಿನ ಮೇಡಂನ್ನು ಮೆಟ್ಟಿಲ ಹತ್ತಿರ ಅಡ್ಡಹಾಕಿದೆ. ನನ್ನ ಮಗಳಿಗಿಂತ ನಾಲ್ಕು ವರ್ಷ ದೊಡ್ಡವಳಿರಬಹುದು.

"ಏನಮ್ಮಾ, ನೆಲದ ಮೇಲೆ ಕಾಲೂರೋದನ್ನ ಕಲಿಸೋಕೆ ಇಷ್ಟು ದೊಡ್ಡ ಕಟ್ಟಡ ಬೇಕಿತ್ತಾ? ಅದನ್ನ ಅವರಮ್ಮ ಆಗಲೇ ಕಲಿಸಿದ್ದಾರೆ."

ಹುಡುಗಿ ಸಿಟ್ಟಾಗಲಿಲ್ಲ. "ಅವರು ಹೊತ್ತುಕೊಂಡಿರೋದು ಭಾರ ಇದೆ ಅಮ್ಮಾ. ಇಳಿಸೋವಾಗ ಕಾಲು ಗಟ್ಟಿ ಇರಬೇಕಲ್ವಾ? ಇನ್ನು ಸ್ವಲ್ಪ ದಿನ ಅವರಿಗೆ ಜಾಸ್ತಿ ಕಷ್ಟ ಆಗಬಹುದು. ಅದು ಕೆಡ್ತಿರೋದಲ್ಲ, ಹೊರಗೆ ಬರ್ತಿರೋದು. ನೀವು ಬಯ್ಯದೆ ಇದ್ರೆ ಸಾಕು."

"ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳಮ್ಮಾ," ಅಂದೆ. ಇಬ್ಬರೂ ನಕ್ಕೆವು.

ಅವಳು ಹೇಳಿದ ಹಾಗೇ ಆಯಿತು. ಕೆಲವು ವಾರ ಮನುಷ್ಯ ಮುಟ್ಟಿದರೆ ಮುನಿಯಂತಾದರು. ಇನ್ನು ಅಲ್ಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದರು. ಆಮೇಲೆ ಒಂದು ದಿನ, "ಈ ವಾರ ನೀನೂ ಒಳಗೆ ಬಾ. ಎರಡು ಸಲ ಹೇಳೋ ಶಕ್ತಿ ನನಗಿಲ್ಲ," ಅಂದರು.

ಒಳಗೆ ಹೋಗಿ ಕೂತೆ. ಅವರು ನೆಲ ನೋಡುತ್ತಾ ಹೇಳಿದರು. ಚಿಕ್ಕಪ್ಪ. ಅಂಗಡಿಯ ಬಾಗಿಲು ಎಳೆದ ಮೇಲೆ. ಹಿಂದಿನಿಂದ ಕತ್ತಿನ ಮೇಲೆ ಕೈ. ತಲೆ ಬಗ್ಗಿಸು, ಜಾಣ ಅಲ್ವಾ. ಒಂದು ದಿನವಲ್ಲ, ಅಲ್ಲಿದ್ದ ಕಾಲವೆಲ್ಲ. ಉಳಿದದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಓದುವವರಿಗೆ ಅರ್ಥವಾಗಿದೆ, ಅರ್ಥವಾಗದವರ ಹಾಗೆ ನಟಿಸಿ ನಟಿಸಿಯೇ ನಮ್ಮ ಮನೆಗಳು ಈ ಗತಿಗೆ ಬಂದಿವೆ.

ನನ್ನ ಕಿವಿ ಕಾದವು. ಆ ಮುದಿ ಹೆಣ ಈಗಲೇ ಎದುರಿಗೆ ಸಿಕ್ಕಿದ್ದರೆ ಎಂದು ಬಾಯಿ ತೆರೆದೆ. ಮೇಡಂ ನನ್ನ ಕಡೆ ಒಂದು ಸಲ ನೋಡಿದಳು. ಬಾಯಿ ಮುಚ್ಚಿದೆ.

"ನಾನು ಓಡಲಿಲ್ಲ ಮೇಡಂ," ಅಂದರು ನಮ್ಮನೆಯವರು. "ಕಿರುಚಲಿಲ್ಲ. ಮಾರನೇ ದಿನ ಅವರ ಕೈ ಹಿಡ್ಕೊಂಡೇ ಪೇಟೆಗೆ ಹೋದೆ. ಕೊಡಿಸಿದ ಬಿಸ್ಕತ್ತು ತಿಂದೆ. ನನಗೇ ಬೇಕಿತ್ತೋ ಏನೋ. ಇಂಥವನ ಹತ್ತಿರ ಕೂತು ನೀವು ಹೊತ್ತು ಕಳೀತಿದೀರ."

ತಪ್ಪು ನಿಮ್ಮದಲ್ಲ ಎಂದು ಅವಳು ಹೇಳುತ್ತಾಳೆ ಅಂದುಕೊಂಡೆ. ಹೇಳಲಿಲ್ಲ. ಕೇಳಿದಳು, "ಒಂಬತ್ತು ವರ್ಷದ ಸಣಕಲು ಹುಡುಗ ನಿಮ್ಮ ಅಂಗಡಿಗೆ ಬಂದ್ರೆ ಎಲ್ಲಿ ಕೂರಿಸ್ತೀರಿ?"

"ಹಲಗೆ ಮೇಲೆ."

"ಕಾಲು ಎಲ್ಲಿರುತ್ತೆ?"

"ನೇತಾಡುತ್ತೆ. ನೆಲಕ್ಕೆ ಎಟುಕಲ್ಲ."

"ಆ ಹುಡುಗ ಬಾಗಿಲು ಹಾಕಿದ ಅಂಗಡಿಯಿಂದ ಒಬ್ಬ ದೊಡ್ಡ ಮನುಷ್ಯನನ್ನ ದೂಡಿ ಓಡಬೇಕಿತ್ತು ಅಂತೀರಾ? ಉತ್ತರ ನನಗೆ ಬೇಡ. ಹಲಗೆ ಮೇಲೆ ಯಾವುದಾದ್ರೂ ಮಗು ಕೂತಾಗ ಒಂದು ಸಲ ನೋಡಿ," ಅಂದಳು.

ಮಾರನೆಯ ದಿನವೇ ಒಬ್ಬ ಹುಡುಗ ಬಂದ. ನಮ್ಮನೆಯವರು ಅವನ ತಲೆ ಚೆನ್ನಾಗಿಯೇ ಮುಗಿಸಿ ಕಳಿಸಿದರು. ಆಮೇಲೆ ಪರದೆ ಸರಿಸಿ ಒಳಗೆ ಬಂದು, ನನ್ನ ಹೊಲಿಗೆ ಯಂತ್ರದ ಎತ್ತರಕ್ಕೆ ಕೈ ಹಿಡಿದು ತೋರಿಸಿ, "ಇಷ್ಟೇ ಇದ್ದೆ ಕಣೇ, ಇಷ್ಟೇ," ಎಂದು ಅತ್ತರು. ನಾನು ಅವರನ್ನು ಮುಟ್ಟಲಿಲ್ಲ. ಕೇಳಿ ಮುಟ್ಟಬೇಕು ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ.

ಮುಂದಿನ ವಾರ ಇನ್ನೊಂದು ಮಾತು ಹೊರಗೆ ಬಂತು. ಆ ಕಾಲದಲ್ಲಿ ಒಮ್ಮೆ ಮನೆಗೆ ಬಂದಿದ್ದಾಗ ಅವರು ತಾಯಿಗೆ ಹೇಳಲು ಹೋಗಿದ್ದರಂತೆ. "'ಅಮ್ಮಾ, ಅಂಗಡೀಲಿ' ಅಂದೆ. ಅಷ್ಟೇ ಅಂದದ್ದು. 'ಅಂಗಡಿ ಮಾತು ಮನೆಗೆ ತರಬೇಡ' ಅಂದಳು. ಬಟ್ಟೆ ಒಗೀತಿದ್ದಳು. ತಲೆ ಎತ್ತಲಿಲ್ಲ."

ಆಮೇಲೆ ರೇಡಿಯೋ ವಿಷಯ ಹೇಳಿದರು. ರಜೆ ಹತ್ತಿರ ಬಂದಿತ್ತು. ಭಾನುವಾರ ಚಿಕ್ಕಪ್ಪನೇ ನಾದಿನಿಯ ಮನೆಗೆ ಬಂದು ಹುಡುಗನನ್ನು ಕರೆದುಕೊಂಡು ಹೋಗುವನಿದ್ದ. ಮೇಡಂ ಮುಖ ಗಂಭೀರವಾಯಿತು.

"ನೀವು ಇಲ್ಲಿ ಹೇಳಿದ್ದನ್ನ ನಾನು ಯಾರಿಗೂ ಹೇಳಲ್ಲ ಅಂತ ಮೊದಲ ದಿನ ಮಾತು ಕೊಟ್ಟಿದ್ದೆ. ಆದ್ರೆ ಒಂದು ಮಗು ಅಪಾಯದಲ್ಲಿದ್ರೆ ನಾನು ಸುಮ್ಮನಿರೋ ಹಾಗಿಲ್ಲ ಅಂತಾನೂ ಹೇಳಿದ್ದೆ."

"ನೆನಪಿದೆ. ಭಾನುವಾರ ನಾನೇ ಹೇಳ್ತೀನಿ. ನನ್ನ ಬಾಯಿ ಏಳದಿದ್ರೆ ನೀವು ಹೇಳಿ," ಅಂದರು ನಮ್ಮನೆಯವರು.

ಹೊರಡುವಾಗ ಮೇಡಂ ನನ್ನನ್ನು ನಿಲ್ಲಿಸಿ, "ಅಮ್ಮಾ, ಅಲ್ಲಿ ನೀವು ಜಗಳ ಆಡಿಬಿಟ್ರೆ ಅವರ ಮಾತು ಮತ್ತೆ ಒಳಗೇ ಉಳಿಯುತ್ತೆ," ಅಂದಳು. ಬಾಯಿ ಮುಚ್ಚಿಕೊಂಡಿರುವುದು ನನ್ನ ಜಾತಕದಲ್ಲೇ ಇಲ್ಲ. ಆದರೂ ಒಪ್ಪಿದೆ.

ಭಾನುವಾರ ಹೋದೆವು. ನಾದಿನಿಯ ಗಂಡ ಕೆಲಸದ ಮೇಲೆ ಹೊರಗಿದ್ದ. ನಡುಮನೆಯಲ್ಲಿ ಚಿಕ್ಕಪ್ಪ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಬಿಳಿ ಅಂಗಿ, ಸಣ್ಣಗೆ ಕತ್ತರಿಸಿದ ಬಿಳಿ ಮೀಸೆ, ಯಾರನ್ನು ಕಂಡರೂ ನಗುವ ಮುಖ. ಬಾಗಿಲ ಹತ್ತಿರ ರೇಡಿಯೋನ ಬಟ್ಟೆಯ ಚೀಲ ಸಿದ್ಧವಾಗಿತ್ತು. ಹುಡುಗ ಬಸ್ಸಿನಲ್ಲಿ ಕಿಟಕಿ ಪಕ್ಕ ಯಾರು ಕೂರಬೇಕು, ಬಸ್ಸು ಪಂಕ್ಚರ್ ಆದರೆ ಏನು ಮಾಡಬೇಕು ಎಂದೆಲ್ಲ ಒದರುತ್ತಿದ್ದ. ನಾದಿನಿ ಟೀ ತಂದಿಟ್ಟಳು.

"ಬಾರೋ, ಬಾ," ಅಂದ ಚಿಕ್ಕಪ್ಪ. "ಏನೋ ಬೆನ್ನು ನೋವಂತೆ? ನಿನ್ನ ವಯಸ್ಸಿಗೆ ನಾನು ದಿನಕ್ಕೆ ಎಷ್ಟು ತಲೆ ಇಳಿಸ್ತಿದ್ದೆ!"

ನಮ್ಮನೆಯವರು ಕೂರಲಿಲ್ಲ. ಎರಡು ಕಾಲನ್ನೂ ನೆಲಕ್ಕೆ ಊರುವುದು ನನಗೆ ಕಾಣಿಸಿತು. ಅಂಗಿಯನ್ನು ಮೇಲೆತ್ತಿ, ಸೊಂಟದ ಪಟ್ಟಿಯ ತುದಿ ಹಿಡಿದು ಎಳೆದರು. ಪಟ್ಟಿ ಚರ್ರೆಂದು ಬಿಚ್ಚಿಕೊಂಡಿತು. ಅದನ್ನು ಮೇಜಿನ ಮೇಲೆ, ಟೀ ಲೋಟಗಳ ಪಕ್ಕ ಇಟ್ಟರು.

"ನನಗೆ ಬೆನ್ನು ನೋವಿಲ್ಲ," ಅಂದರು. "ಮನಸ್ಸಿನ ಡಾಕ್ಟರ ಹತ್ತಿರ ಹೋಗ್ತಿದೀನಿ. ನನಗೆ ಚಿಕ್ಕಪ್ಪ ಮಾಡಿದ್ದಕ್ಕೆ. ಅಂಗಡಿ ಬಾಗಿಲು ಎಳೆದ ಮೇಲೆ ಮಾಡಿದ್ದಕ್ಕೆ. ಹುಡುಗ ಅಲ್ಲಿಗೆ ಹೋಗಬಾರದು."

ಯಾರೂ ಲೋಟ ಮುಟ್ಟಲಿಲ್ಲ. ರೇಡಿಯೋ ಕೂಡ ನಿಂತಿತು. ನಾದಿನಿ ಅಣ್ಣನ ಮುಖ ನೋಡಿದಳು, ಚಿಕ್ಕಪ್ಪನ ಮುಖ ನೋಡಿದಳು. ಮಗನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋಗಿ ಅವನನ್ನು ಅಲ್ಲಿ ಬಿಟ್ಟು, ತಾನು ಬಾಗಿಲಿಗೆ ಅಡ್ಡ ನಿಂತಳು.

ಮೊದಲು ಬಾಯಿ ತೆರೆದದ್ದು ಅತ್ತೆ. "ಅಂಗಡಿ ಮಾತು..."

"ಇದು ಅಂಗಡಿ ಮಾತಲ್ಲ ಅಮ್ಮಾ. ನನ್ನ ಮಾತು."

"ಏನು ನಿನ್ನ ಮಾತು? ಯಾವ ಕಾಲದ್ದೋ! ಗಂಡು ಹುಡುಗರಿಗೆ ಏನಾಗುತ್ತೆ? ಹೆಣ್ಣಾಗಿದ್ರೆ ಬೇರೆ ಮಾತು. ನಿನಗೇನು ಕಮ್ಮಿಯಾಗಿದೆ? ಮದುವೆ ಆಯ್ತು, ಮಗಳಾದಳು, ಅಂಗಡಿ ಇದೆ. ನಾಲ್ಕು ಜನ ಕೇಳಿದ್ರೆ ನಿನ್ನನ್ನೇ ನೋಡಿ ನಗ್ತಾರೆ. ಅವನಿಲ್ಲದಿದ್ರೆ ನಾವು ಮೂರು ಜನ ಬೀದೀಲಿ ಬಿದ್ದಿರ್ತಿದ್ವಿ, ಗೊತ್ತಾ?"

"ಗೊತ್ತು. ಅದಕ್ಕೆ ನನ್ನನ್ನ ಕೊಟ್ಟೆ. ಈಗ ಇವನನ್ನ ಕೊಡಬೇಡ."

ನಾನು ನನ್ನ ಕೈಚೀಲದ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದೆ. ಆ ಹಲ್ಲಿನ ಗುರುತು ಚೀಲದ ಮೇಲೆ ಈಗಲೂ ಇದೆ.

ಚಿಕ್ಕಪ್ಪನ ನಗು ಮುಖದಿಂದ ಹೋಗಲಿಲ್ಲ. "ಬಿಡಿ ಅತ್ತಿಗೆ, ಕೋಪ ಮಾಡ್ಕೋಬೇಡಿ. ಆಸ್ಪತ್ರೆಯವರು ಪಾಪದವನ ತಲೇಲಿ ಏನೋ ತುಂಬಿದ್ದಾರೆ. ನಮ್ಮ ಹುಡುಗ ತಾನೇ." ಎದ್ದು ಬಂದ. ನಮ್ಮನೆಯವರ ಹಿಂದಕ್ಕೆ ಸುತ್ತಿ, ಮೆಲ್ಲಗೆ, ಎಲ್ಲರ ಕಣ್ಣೆದುರಿಗೇ ಅವರ ಕತ್ತಿನ ಮೇಲೆ ಕೈಯಿಟ್ಟ. "ಜಾಣ ಅಲ್ವಾ ನೀನು?"

ನನ್ನ ಗಂಡ ಬೆಳ್ಳಗಾದರು. ತುಟಿ ಅಲುಗುತ್ತಿತ್ತು. ನಾನೊಬ್ಬಳೇ ಕೇಳಿಸಿಕೊಂಡೆ: "ಮೇಜು. ಲೋಟ. ಕಿಟಕಿ. ಬಾಗಿಲು." ಆಮೇಲೆ ತಲೆ ಎತ್ತಿದರು.

"ಕೈ ತೆಗಿ."

ತೆಗೀರಿ ಅಲ್ಲ. ತೆಗಿ. ಅಷ್ಟು ವರ್ಷ ಆ ಮನುಷ್ಯನನ್ನು ನೀವು ಎಂದಲ್ಲದೆ ಕರೆಯದಿದ್ದ ಬಾಯಿಂದ ಅದು ಬಂತು. ಕೂಗಲಿಲ್ಲ. ಕೂಗಿದ್ದರೆ ಹುಚ್ಚು ಅನ್ನಬಹುದಿತ್ತು.

ಕೈ ಕೆಳಗಿಳಿಯಿತು. ನಗುವೂ ಆಗಲೇ ಇಳಿದದ್ದು. "ನೋಡಿದ್ರಾ ಅತ್ತಿಗೆ, ಸಾಕಿದ್ದಕ್ಕೆ ಸಿಕ್ಕ ಮರ್ಯಾದೆ," ಅಂದು ಚಪ್ಪಲಿ ಹುಡುಕಿದ. ಅವನನ್ನು ಯಾರೂ ತಡೆಯಲಿಲ್ಲ. ಹುಡುಗನ ಬಟ್ಟೆಯ ಚೀಲ ಬಾಗಿಲ ಹತ್ತಿರವೇ ಉಳಿಯಿತು.

ಅವನು ಹೋದ ಮೇಲೆ ಅತ್ತೆ ಮಗನ ಕಡೆ ನೋಡದೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ನಾನು ಸಾಯೋವರೆಗೂ ತಡ್ಕೊಳ್ಳೋಕೆ ಆಗಲಿಲ್ವಾ ನಿನಗೆ?"

ನಮ್ಮನೆಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ನಿನಗೆ ಗೊತ್ತಿತ್ತಾ ಅಮ್ಮಾ?"

ಅತ್ತೆ ಲೋಟಗಳನ್ನು ಒಂದರ ಪಕ್ಕ ಒಂದು ಜೋಡಿಸಿದರು. ತಲೆ ಎತ್ತಲಿಲ್ಲ.

ಆ ಮುದುಕಿಯನ್ನು ಬೈಯಲು ನನಗೆ ಬೇಕಾದಷ್ಟು ಮಾತು ಗೊತ್ತು. ಬೈಯಲಿಲ್ಲ. ಗಂಡನಿಲ್ಲದ, ಕಂಕುಳಲ್ಲಿ ಕೂಸಿದ್ದ ಹೆಂಗಸು ಅನ್ನಕ್ಕೆ ಹೆದರಿ ಕಣ್ಣು ಮುಚ್ಚಿದಳು. ಅದು ನನಗೆ ಅರ್ಥವಾಗುತ್ತದೆ. ಆದರೆ ಅನ್ನದ ಭಯ ಹೋಗಿ ಎಷ್ಟೋ ವರ್ಷವಾದ ಮೇಲೂ ಮೊಮ್ಮಗನ ಬಟ್ಟೆಯನ್ನು ತಾನೇ ಚೀಲಕ್ಕೆ ತುಂಬಿಟ್ಟಳಲ್ಲ, ಅದು ಅರ್ಥವಾಗುವುದಿಲ್ಲ. ನಮ್ಮ ಮನೆಗಳಲ್ಲಿ ಮರ್ಯಾದೆ ಎನ್ನುವುದಕ್ಕೆ ಯಾವಾಗಲೂ ಮಕ್ಕಳೇ ಏಕೆ ತಲೆ ಬಗ್ಗಿಸಬೇಕು? ನಾಚಿಕೆ ಪಡಬೇಕಾದವನು ಬಿಳಿ ಅಂಗಿ ಹಾಕಿ ನಡುಮನೆಯಲ್ಲಿ ಕೂರುತ್ತಾನೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಮುಖ ಮರೆಸಿಕೊಂಡು ಬಲಕ್ಕೋ ಎಡಕ್ಕೋ ಎಂದು ಒದ್ದಾಡುವವರು ನಾವು.

ಮೇಡಂ ಜೊತೆಗೆ ಬಂದಳು. ಪೊಲೀಸರ ಹತ್ತಿರ ಹೋಗಿ ಬರೆಸಿದೆವು. ಅಲ್ಲಿನ ಒಬ್ಬ, "ಇಷ್ಟು ವರ್ಷ ಏನು ಮಾಡ್ತಿದ್ರಿ?" ಎಂದು ಕೇಳಿದ. ಈ ಸಲ ನನ್ನ ಬಾಯಿಗೆ ಯಾರೂ ಅಡ್ಡ ಬರಲಿಲ್ಲ. ಆದರೂ ಮುಂದೆ ಏನಾಗುತ್ತದೋ ಗೊತ್ತಿಲ್ಲ. ಚಿಕ್ಕಪ್ಪನ ಅಂಗಡಿ ಸದ್ಯ ಬಾಗಿಲು ಹಾಕಿದೆ. ಬಂಧುಗಳಲ್ಲಿ ಅರ್ಧ ಜನ ನಮ್ಮನ್ನು ಕಂಡರೆ ರಸ್ತೆ ದಾಟುತ್ತಾರೆ. ಅತ್ತೆ ಫೋನ್ ಮಾಡುವುದಿಲ್ಲ. ನಮ್ಮನೆಯವರಿಗೆ ಪೂರ್ತಿ ವಾಸಿಯಾಯಿತೆಂದು ಹೇಳಿದರೆ ಅದೂ ಸುಳ್ಳು. ಈಗಲೂ ಗೋಡೆಗೆ ಬೆನ್ನು ಆನಿಸಿಯೇ ಮಲಗುತ್ತಾರೆ. ಈಗಲೂ ವಾರವಾರ ಹೋಗುತ್ತೇವೆ. ಮೆಟ್ಟಿಲು ಹತ್ತಿ ನೇರ ಎಡಕ್ಕೆ ತಿರುಗುತ್ತೇವೆ. ನನ್ನ ಮುಖ ಬಿಸಿಯಾಗುವುದು ಇನ್ನೂ ನಿಂತಿಲ್ಲ, ಆದರೆ ಕಾಲು ಬಲಕ್ಕೆ ಹೋಗುವುದಿಲ್ಲ.

ಹೋದ ವಾರ ನಾದಿನಿ ಅಂಗಡಿಗೆ ಬಂದಳು, ಜೊತೆಗೆ ರೇಡಿಯೋ. ಆ ಭಾನುವಾರದ ಮೇಲೆ ಅವಳು ಬಂದದ್ದು ಅದೇ ಮೊದಲು. ಬಾಗಿಲಲ್ಲೇ ನಿಂತು, ಚೀಲದಿಂದ ಸೊಂಟದ ಪಟ್ಟಿ ತೆಗೆದು, "ನೀನು ಇದನ್ನ ನಮ್ಮನೇಲೇ ಬಿಟ್ಟು ಬಂದಿದ್ದೆ ಅಣ್ಣಾ. ಕೊಡೋಣ ಅಂತ ಬಂದೆ," ಅಂದಳು. ಅವಳ ಕಣ್ಣು ಅಣ್ಣನ ಕಣ್ಣನ್ನು ಸೇರುತ್ತಿರಲಿಲ್ಲ.

ನಮ್ಮನೆಯವರು ಅದನ್ನು ತೆಗೆದುಕೊಂಡು, ಬೆಂಚಿನ ಮೇಲೆ ಪೇಪರ್ ಹಿಡಿದಿದ್ದ ಪೋಸ್ಟ್ ಮೇಷ್ಟ್ರಿಗೆ ಚಾಚಿದರು. "ಮೇಷ್ಟ್ರೇ, ನಿಮ್ಮ ಪಟ್ಟಿ."

"ನೋವು ಹೋಯ್ತಾ?"

"ನೋವು ಅಲ್ಲಿರಲಿಲ್ಲ ಮೇಷ್ಟ್ರೇ. ನಾನು ಹೋಗ್ತಿರೋದು ಮನಸ್ಸಿನ ಡಾಕ್ಟರ ಹತ್ತಿರ."

ನನಗೆ ಪರದೆಯ ಹಿಂದೆ ಅಡಗಿಬಿಡೋಣ ಅನ್ನಿಸಿತು. ಮೇಷ್ಟ್ರು ಪಟ್ಟಿಯನ್ನು ಸುತ್ತಿ ಸುತ್ತಿ ಸಣ್ಣದು ಮಾಡಿದರು. ತಮಾಷೆ ಮಾಡಲಿಲ್ಲ. "ಹೋಗ್ತಾ ಇರಪ್ಪ, ಬಿಡಬೇಡ," ಅಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಪೇಪರ್ ಬಹಳ ಹೊತ್ತು ಮಗುಚಲಿಲ್ಲ.

ರೇಡಿಯೋ ಅಷ್ಟರಲ್ಲಿ ತಾನೇ ಹಲಗೆ ಎಳೆದು ಕುರ್ಚಿಗೆ ಅಡ್ಡ ಹಾಕಿ ಹತ್ತಿ ಕೂತಿದ್ದ. ಹಲಗೆ ಬೇಕಾಗದಷ್ಟು ಬೆಳೆದಿದ್ದಾನೆ, ಆದರೂ ಎತ್ತರದಲ್ಲಿ ಕೂರುವ ಆಸೆ. ಶಾಲೆಯಲ್ಲಿ ಯಾರು ಯಾರ ಡಬ್ಬಿ ಕದ್ದರು, ಯಾವ ನಾಯಿ ಯಾರನ್ನು ಅಟ್ಟಿಸಿಕೊಂಡು ಹೋಯಿತು ಎಲ್ಲ ಶುರುವಾಯಿತು. ಕತ್ತಿನ ಹಿಂದೆ ಕತ್ತರಿ ಬಂದಾಗ ನಾದಿನಿ ಅಭ್ಯಾಸಬಲದಿಂದ, "ತಲೆ ಬಗ್ಗಿಸೋ," ಎಂದು ಕೈ ಚಾಚಿದಳು. ಕೈ ಅರ್ಧದಲ್ಲೇ ನಿಂತಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು.

"ಮರಿ, ತಲೆ ಬಗ್ಗಿಸ್ತೀಯಾ?" ಎಂದು ಕೇಳಿದಳು.

"ಊಹೂಂ," ಅಂದ ರೇಡಿಯೋ.

"ಬೇಡ ಬಿಡು," ಅಂದರು ನಮ್ಮನೆಯವರು. "ನಾನೇ ಬಗ್ತೀನಿ." ಕುರ್ಚಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಕತ್ತರಿ ಆಡಿಸಿದರು. ರೇಡಿಯೋ ನಾಯಿಯ ಕಥೆ ನಿಲ್ಲಿಸಲಿಲ್ಲ.

ಹೊರಡುವಾಗ ನಾದಿನಿ ಬಾಗಿಲಲ್ಲಿ ನನ್ನ ಕೈ ಹಿಡಿದಳು. "ಅಮ್ಮ ಕೇಳ್ತಾಳೆ ಅತ್ತಿಗೆ, ಎಲ್ಲಿಗೆ ಹೋಗಿದ್ದೆ ಅಂತ."

"ಏನಂತ ಹೇಳ್ತೀಯ?"

ಅವಳು ಒಳಗೆ ನೋಡಿದಳು. ಅವಳ ಅಣ್ಣ ಹಲಗೆ ಒರೆಸುತ್ತಿದ್ದರು.

"ಅಂಗಡಿಗೆ ಹೋಗಿದ್ದೆ ಅಂತೀನಿ," ಅಂದಳು. "ಅಂಗಡಿ ಮಾತನ್ನೆಲ್ಲ ಮನೆಗೆ ತಗೊಂಡು ಹೋಗ್ತೀನಿ. ಅವಳು ತಲೆ ಎತ್ತೋವರೆಗೂ ಹೇಳ್ತೀನಿ."